ಪ್ಲಾಸ್ಟರ್ ಮುಗೀತು, ಕೈಯಲ್ಲಿ 9 ಲಕ್ಷ ಇದೆ. ಮುಂದೆ ಯಾವುದು ಮೊದಲು? ಮನೆ ಕಟ್ಟಿಸಿದವರು ಹೇಳಿ

ಸೇಡಂ ರಸ್ತೆ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ 30-40 ಸೈಟ್‌ನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಎರಡು ಬೆಡ್‌ರೂಮ್, ಮೇಲೆ ಒಂದು ಕೋಣೆ. ಒಳಗೆ ಹೊರಗೆ ಪ್ಲಾಸ್ಟರ್ ಮುಗಿದಿದೆ. ನೆಲ, ಬಾಗಿಲು, ಅಡುಗೆಮನೆ, ಬಣ್ಣ, ಮೀಟರ್ ಉಳಿದಿವೆ. ಬಸವ ಜಯಂತಿಗೆ ಗೃಹಪ್ರವೇಶ ಆಗಲಿ ಅಂತ ಅವ್ವನ ಆಸೆ. ಈ ವರ್ಷ (2026) ಮೇ ಮಧ್ಯದಿಂದ ಅಧಿಕ ಜ್ಯೇಷ್ಠ, ಜುಲೈ ಮಧ್ಯಕ್ಕೆ ಆಷಾಢ. ನಡುವೆ ಸಿಗೋದು ಒಂದು ತಿಂಗಳು, ಅದೂ ಮಳೆ ಹಿಡಿಯೋ ಹೊತ್ತು. ಗುತ್ತಿಗೆದಾರರು ಬಾಕಿ 1,80,000 ಈಗಲೇ ಕೊಡಿ ಅಂತಿದ್ದಾರೆ. ಕೊಡಬಹುದಾ? ನೆಲ ಮೊದಲು ಹಾಕಿಸಬೇಕಾ, ಬಣ್ಣ ಮೊದಲಾ? ದಯವಿಟ್ಟು ತಿಳಿಸಿ.

ಶಹಾಬಾದ್ ಅಳಿಯ

ಟೈಲ್ಸ್ ಅಂಗಡಿ ಕಡೆ ಹೋಗಲೇಬೇಡಿ ತಮ್ಮಾ. ನಾನು ಮನೆ ಪೂರ್ತಿ ಶಹಾಬಾದ್ ಕಲ್ಲು ಹಾಕಿಸಿದ್ದೇನೆ. 820 ಚದರಡಿ. ಕಲ್ಲಿಗೆ 48 ರೂಪಾಯಿ, ಹಾಕೋ ಕೂಲಿ 22, ಮೂರು ಸಲ ಪಾಲಿಶ್ 16. ಒಟ್ಟು 70,520 ಆಯಿತು. ಎಲ್ಲ ಬರೆದಿಟ್ಟಿದ್ದೇನೆ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದಾಗ ನಮ್ಮ ಹಾಲ್‌ನಲ್ಲಿ ಚಾಪೆ ಇಲ್ಲದೆ ಮಲಗುತ್ತೇವೆ. ನಮ್ಮಪ್ಪನಿಗೆ 78 ವರ್ಷ. ಒದ್ದೆ ಕಾಲಲ್ಲಿ ನಡೆದರೂ ಈವರೆಗೆ ಜಾರಿಲ್ಲ.

ಒಂದು ತಪ್ಪು ಆಯಿತು, ಅದನ್ನೂ ಹೇಳುತ್ತೇನೆ. ಕೆಲಸ ಮುಗಿದ ದಿನ ಸಿಮೆಂಟ್ ಕಲೆ ತೆಗೀತೀನಿ ಅಂತ ಹುಡುಗನೊಬ್ಬ ಆ್ಯಸಿಡ್ ಸುರಿದ. ಕಣ್ಣೆದುರಿಗೇ ಬುರುಗು ಎದ್ದಿತು. ಇದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ತಿಂದುಹಾಕುತ್ತದೆ. ಹಾಲ್‌ನ ಹೊಳಪೆಲ್ಲ ಹೋಗಿ ಬೂದಿ ಬಳಿದಂತೆ ಆಯಿತು. 310 ಚದರಡಿ ಮತ್ತೆ ಪಾಲಿಶ್, 4,960 ದಂಡ. ಕೂಲಿಯವನದು ತಪ್ಪಲ್ಲ, ನಾನು ಮೊದಲೇ ಹೇಳಬೇಕಿತ್ತು. ಹುಣಸೆ ರಸ, ನಿಂಬೆರಸ ಬಿದ್ದರೂ ತಕ್ಷಣ ಒರೆಸಬೇಕು. ಅಷ್ಟು ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ನಮ್ಮ ನೆಲದಲ್ಲೇ ಸಿಗೋ ಕಲ್ಲು ಬಿಟ್ಟು ಗುಜರಾತಿನ ಮೋರ್ಬಿಯಿಂದ ಟೈಲ್ಸ್ ಯಾಕೆ ತರಿಸಬೇಕು?

ಹುಮ್ನಾಬಾದ್ ರಿಂಗ್ ರಸ್ತೆ

ಕಲ್ಲು ಚೆನ್ನಾಗಿದೆ, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಹಳೇ ಆಫೀಸ್ ಥರ ಕಾಣುತ್ತೆ" ಅಂದರು. ಟೈಲ್ಸ್ ಹಾಕಿಸಿದೆ. 2 ಅಡಿ 4 ಅಡಿಯ ವಿಟ್ರಿಫೈಡ್, ಚದರಡಿಗೆ 62 ರೂಪಾಯಿಯದು. ಹದಿನೈದು ತಿಂಗಳು ಏನೂ ಆಗಲಿಲ್ಲ. ಕಳೆದ ವರ್ಷ ಮೇ ತಿಂಗಳು, ಮಧ್ಯಾಹ್ನ ಎರಡೂವರೆ. ಪಟಾಕಿ ಸಿಡಿದಂತೆ ಸದ್ದು ಬಂತು. ಹಾಲ್ ನಡುವೆ ಒಂಬತ್ತು ಟೈಲ್ಸ್ ಸಾಲಾಗಿ ಗುಡಾರದ ಥರ ಎದ್ದು ನಿಂತಿದ್ದವು. ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು.

ಆಮೇಲೆ ಕಾರಣ ತಿಳಿಯಿತು. ಸಂದು ಕಾಣಬಾರದು ಅಂತ ನಾವೇ ಹೇಳಿ ಟೈಲ್ಸನ್ನು ಅಂಟಿಸಿ ಅಂಟಿಸಿ ಕೂರಿಸಿದ್ದೆವು. ಬಿಸಿಲಿಗೆ ಹಿಗ್ಗಲು ಜಾಗವೇ ಇರಲಿಲ್ಲ. ಟೈಲ್ಸ್ ಕೆಳಗೆ ಬರೀ ಸಿಮೆಂಟ್ ಹಾಲು, ಅಂದರೆ ನೀರಲ್ಲಿ ಕಲಸಿದ ಸಿಮೆಂಟ್. ವಿಟ್ರಿಫೈಡ್ ಟೈಲ್ ನೀರು ಹೀರೋದಿಲ್ಲ, ಅದಕ್ಕೆ ಸಿಮೆಂಟ್ ಸರಿಯಾಗಿ ಹಿಡಿಯೋದಿಲ್ಲ. ನಾಣ್ಯದಿಂದ ತಟ್ಟಿ ನೋಡಿದರೆ ಅರ್ಧ ಹಾಲ್ ಟೊಳ್ಳು. ಅದೇ ಬಣ್ಣದ ಲಾಟ್ ಮತ್ತೆ ಸಿಗಲಿಲ್ಲ. ಕೀಳೋದಕ್ಕೆ 5,760, ಹೊಸ ಟೈಲ್ಸ್‌ಗೆ 24,640, ಅಂಟಿನ ಚೀಲ ಒಂಬತ್ತಕ್ಕೆ 3,780, ಕೂಲಿ 8,960. ಹಾಲ್ ಒಂದಕ್ಕೇ 43,140. ಧೂಳಿಗೆ ಟಿವಿ ಹಾಳಾಯಿತು, ಅದು ಲೆಕ್ಕದಲ್ಲಿಲ್ಲ. ಟೈಲ್ಸ್ ನಡುವೆ ಸಂದು ಉಳಿಯೋಕೆ ಎರಡು ಮಿಲಿಮೀಟರ್ ಸ್ಪೇಸರ್ ಇಡಿಸಿ. ಗೋಡೆ ಪಕ್ಕದಲ್ಲೂ ಸಂದು ಬಿಡಿಸಿ, ಗೋಡೆ ಬುಡದ ಪಟ್ಟಿ (ಸ್ಕರ್ಟಿಂಗ್) ಅದನ್ನು ಮುಚ್ಚುತ್ತದೆ.

ಶಹಾಬಾದ್ ಅಳಿಯ

ಅದಕ್ಕೇ ಹೇಳಿದ್ದು. ಕಲ್ಲು ಹೀಗೆ ಸಿಡಿದಿದ್ದನ್ನು ಯಾರಾದರೂ ನೋಡಿದ್ದೀರಾ?

ಎರೆಮಣ್ಣಿನವನು

ಸಿಡಿಯೋದಿಲ್ಲ ಅಣ್ಣಾ, ಕುಸಿಯುತ್ತದೆ. ನನ್ನದು ಆಳಂದ ರಸ್ತೆ ಕಡೆ, ಶುದ್ಧ ಎರೆಭೂಮಿ. ಹಾಕಿಸಿದ್ದು ನಿಮ್ಮ ಅದೇ ಶಹಾಬಾದ್ ಕಲ್ಲು. ಪಾಯ ತೋಡಿದಾಗ ಬಂದ ಕರಿಮಣ್ಣನ್ನೇ ನಮ್ಮ ಗುತ್ತಿಗೆದಾರ ಪ್ಲಿಂತ್ ಒಳಗೆ, ಅಂದರೆ ಮನೆಯ ನೆಲದ ಅಡಿಗಿನ ಜಾಗಕ್ಕೆ ತುಂಬಿಸಿದ. ಅಲ್ಲಿ ತುಂಬಬೇಕಾದ ಮುರುಮ್ (ಗರಸು ಮಣ್ಣು) ಟ್ರಿಪ್‌ಗಳ ದುಡ್ಡು ನನ್ನಿಂದ ತೆಗೆದುಕೊಂಡಿದ್ದ. ನಾನು ಆಗ ರಾಯಚೂರಿನಲ್ಲಿ ಕೆಲಸದಲ್ಲಿದ್ದೆ, ವಾರಕ್ಕೊಮ್ಮೆ ಬರುತ್ತಿದ್ದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೊದಲ ಮಳೆಗಾಲಕ್ಕೆ ಬೆಡ್‌ರೂಮ್ ನೆಲ ಉಬ್ಬಿ ಬಾಗಿಲು ಉಜ್ಜತೊಡಗಿತು. ಬಡಿಗೇರನನ್ನು ಕರೆಸಿ ಕೆಳಗೆ ಕಾಲಿಂಚು ಕೆತ್ತಿಸಿದೆ. ಬೇಸಿಗೆಗೆ ನೆಲ ಕುಗ್ಗಿತು. ಆಗ ಬಾಗಿಲ ಕೆಳಗೆ ಒಂದಿಂಚು ಸಂದು, ಚೇಳು ಬರುತ್ತಿದ್ದವು. ಗೋಡೆ ಮಾತ್ರ ನೆಟ್ಟಗಿದೆ. ಪಿಲ್ಲರ್, ಪ್ಲಿಂತ್ ಬೀಮ್ ಇರೋದರಿಂದ ಗೋಡೆಗೆ ಏನೂ ಆಗಿಲ್ಲ, ನೆಲ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಎರಡು ಕೋಣೆ ಕಿತ್ತು, ಕರಿಮಣ್ಣು ಬುಟ್ಟಿಯಲ್ಲಿ ಹೊತ್ತು ಹಾಕಿಸಿ, ಮುರುಮ್ ತುಂಬಿಸಿ, ಕುಟ್ಟಿಸಿ, ಮತ್ತೆ ಬೆಡ್ ಕಾಂಕ್ರೀಟ್ ಹಾಕಿಸಿದೆ. 1,12,000 ಹೋಯಿತು. ಬಣ್ಣ ಬಳಿದ ಗೋಡೆಗಳ ನಡುವೆ ಬುಟ್ಟಿ ಬುಟ್ಟಿ ಮಣ್ಣು ಹೊರೋದನ್ನು ನೋಡುತ್ತಾ ಕೂತಿದ್ದೆ. ಆ ದಿನ ಊಟ ಇಳಿಯಲಿಲ್ಲ.

ಕಲ್ಲೋ ಟೈಲ್ಸೋ ಆಮೇಲೆ ನೋಡಿ. ನೆಲ ಹಾಕೋ ಮೊದಲು ಒಂದು ಮೂಲೆ ಅಗೆದು ಒಳಗೆ ಯಾವ ಮಣ್ಣಿದೆ ನೋಡಿ. ನೀರು ನಿಲ್ಲಿಸಿ ಬಿಡಿ. ಕೂರೋದೆಲ್ಲ ಈಗಲೇ ಕೂರಲಿ.

ಬೀದರ್ ಕೋಟೆ ಹತ್ತಿರ

ನಮ್ಮ ಬೀದರ್‌ಗೆ ಬನ್ನಿ. ಕೆಂಪು ಜಂಬಿಟ್ಟಿಗೆ ನೆಲ, ಮೂರಡಿ ತೋಡಿದರೆ ಗಟ್ಟಿ. ನಮ್ಮ ಅಜ್ಜ ಕಟ್ಟಿದ ಮನೆಯಲ್ಲಿ ಕೂದಲೆಳೆ ಬಿರುಕೂ ಇಲ್ಲ.

ಎರೆಮಣ್ಣಿನವನು

ಸೈಟ್ ಹೊತ್ತುಕೊಂಡು ಬೀದರ್‌ಗೆ ಬರೋಕಾಗುತ್ತಾ? ಅವರು ಕೇಳಿದ್ದು ಕಲಬುರಗಿ ಮನೆ ಬಗ್ಗೆ. ಸುಮ್ನೆ ಊರಿನ ದೊಡ್ಡಸ್ತಿಕೆ ಹೇಳಬೇಡಿ.

ಗುತ್ತಿಗೆ ಕೆಲಸ, 22 ವರ್ಷ

ಎಲ್ಲ ತಪ್ಪನ್ನೂ ಗುತ್ತಿಗೆದಾರನ ತಲೆಗೆ ಕಟ್ಟೋದು ಓದಿ ನೋವಾಯಿತು. ನನ್ನ ಕಡೆಯದೂ ಕೇಳಿ. ಎರಡು ವರ್ಷದ ಹಿಂದೆ ಒಂದು ಮನೆ ಕೊಟ್ಟೆ. ಮಾತಾಡಿದ್ದು ಚದರಡಿಗೆ 1,750. ನಡುವೆ ಮೇಲೊಂದು ಪೂಜಾಕೋಣೆ ಬೇಕು ಅಂದರು. ಕಿಟಕಿ ಜಾಗ ಎರಡು ಸಲ ಬದಲಾಯಿಸಿದರು. ಕಟ್ಟಿದ ಸಂಪ್ ವಾಸ್ತು ಸರಿ ಇಲ್ಲ ಅಂತ ಮುಚ್ಚಿಸಿ ಈಶಾನ್ಯಕ್ಕೆ ತೋಡಿಸಿದರು. ಯಾವುದಕ್ಕೂ ಚೀಟಿ ಬರೆಸಿಕೊಳ್ಳಲಿಲ್ಲ, ಹಿರಿಯರ ಪರಿಚಯ ಅಂತ ಸುಮ್ಮನಾದೆ. ಕೊನೆಗೆ 2,40,000 ಬಾಕಿ ಇಟ್ಟರು. ಗೃಹಪ್ರವೇಶಕ್ಕೆ ಕರೆದು ಹೋಳಿಗೆ ಬಡಿಸಿದರು, ದುಡ್ಡು ಇವತ್ತಿಗೂ ಬಂದಿಲ್ಲ. ನನ್ನ ಗೌಂಡಿಗಳ ಕೂಲಿಯನ್ನು ಹೆಂಡತಿಯ ಬಂಗಾರ ಅಡವಿಟ್ಟು ಕೊಟ್ಟೆ. ಅವತ್ತು ಸಿಮೆಂಟ್‌ಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಆ ಹೊರೆ ಯಾರು ಹೊತ್ತರು?

ಕೆಲಸ ಆಗಿದ್ದರೆ ದುಡ್ಡು ಕೊಡಿ ಸರ್.

ಎರೆಮಣ್ಣಿನವನು

ನಾನು ಪೂರ್ತಿ ಕೊಟ್ಟವನು ಸರ್. ಕೊಟ್ಟ ಮಾರನೇ ದಿನದಿಂದ ಫೋನ್ ಎತ್ತಲಿಲ್ಲ. ಮುರುಮ್ ಬಿಲ್ಲಿಗೆ ಕರಿಮಣ್ಣು ತುಂಬಿದ್ದನ್ನೂ ನಾನು ಬಾಯ್ಮುಚ್ಚಿಕೊಂಡು ಸಹಿಸಬೇಕಾ?

ಗುತ್ತಿಗೆ ಕೆಲಸ, 22 ವರ್ಷ

ಅವನು ಮಾಡಿದ್ದು ಮೋಸ, ನಾನು ಅವನ ಪರ ಅಲ್ಲ. ನೀವು ಬರೆದದ್ದನ್ನು ಓದಿದರೆ ಇಡೀ ಕಸುಬೇ ಕಳ್ಳರದು ಅನ್ನಿಸುತ್ತದೆ. ಒಂದು ಮಳೆಗಾಲಕ್ಕೆ ಅಂತ ಐದು ಪರ್ಸೆಂಟ್ ಹಿಡಿದಿಡಿ, ತಾರೀಖು ಹಾಕಿ ಬರೆದುಕೊಡಿ. ಪ್ರಾಮಾಣಿಕ ಇದ್ದವನು ಒಪ್ಪುತ್ತಾನೆ.

ಯಾದಗಿರಿ ಮಾಸ್ತರ

ಮುಗಿಯೋವರೆಗೂ ಕಾಯಬೇಡಿ, ಒಳಗೆ ಹೋಗಿಬಿಡಿ. ನಾವು ಹೋಗಿದ್ದೇವೆ. ಬಾಡಿಗೆ 7,500, ಸಾಲದ ಕಂತು 21,400. ಸಂಬಳದಲ್ಲಿ ಎರಡೂ ಕಟ್ಟಿ ನಾಲ್ಕು ತಿಂಗಳಲ್ಲಿ ಸೋತೆವು. ಒಂದು ಕೋಣೆ, ಅಡುಗೆಮನೆ, ಬಚ್ಚಲು ಮಾತ್ರ ಮುಗಿಸಿ ಹಾಲು ಉಕ್ಕಿಸಿದೆವು. ಒಂಬತ್ತು ತಿಂಗಳ ಬಾಡಿಗೆ 67,500 ಉಳಿಯಿತು.

ಕಷ್ಟ ಇಲ್ಲ ಅಂತ ಹೇಳೋದಿಲ್ಲ. ಮೇಲಿನ ಕೋಣೆಗೆ ಬಾಗಿಲಿಲ್ಲದೆ ಒಂದು ವರ್ಷ ಪರದೆ ಕಟ್ಟಿದ್ದೆವು. ಬಣ್ಣದವರು ಖಾಲಿ ಮನೆಗೆ ಚದರಡಿಗೆ 13 ರೂಪಾಯಿ ಅಂದಿದ್ದರು, ಸಾಮಾನು ತುಂಬಿದ ಮನೆಗೆ 17 ಕೇಳಿದರು. ಪುಟ್ಟಿ ಉಜ್ಜಿದ ದಿನ ಹಿಟ್ಟಿನ ಡಬ್ಬಿಯೊಳಗೂ ಧೂಳು. ಮಗಳಿಗೆ ಹನ್ನೊಂದು ದಿನ ಕೆಮ್ಮು. ಉಜ್ಜೋ ಕೆಲಸ, ಒಡೆಯೋ ಕೆಲಸ ಏನಿದ್ದರೂ ಹೋಗೋ ಮೊದಲು ಮುಗಿಸಿ. ಬಾಗಿಲು, ಕಪಾಟು, ಗೇಟು ಆಮೇಲೆ ಆಗುತ್ತವೆ.

ಮುಹೂರ್ತದ ಮಾತೂ ಹೇಳಿಬಿಡುತ್ತೇನೆ. ಬಸವ ಜಯಂತಿ ದಿನ ಒಳಗೆ ಹೋಗಬೇಕು ಅಂತೀರಿ, ಅದೇ ಬಸವಣ್ಣನವರು ಮುಹೂರ್ತ ನೋಡಬೇಡಿ ಅಂದವರು. ನಾವು ಅಧಿಕ ಮಾಸದಲ್ಲೇ ಹೋದೆವು.

ಬೀದರ್ ಕೋಟೆ ಹತ್ತಿರ

ಮಾಸ್ತರೇ, ಅವರ ತಾಯಿ ಆಸೆಪಟ್ಟಿದ್ದಾರೆ. ಜೀವನದಲ್ಲಿ ಒಂದೇ ಮನೆ ಕಟ್ಟೋದು. ಹಿರಿಯರ ಮನಸ್ಸು ನೋಯಿಸಿ ಒಳಗೆ ಹೋಗಿ ಏನು ಮಾಡ್ತೀರಿ? ಬಸವಕಲ್ಯಾಣ ಇರೋದು ನಮ್ಮ ಜಿಲ್ಲೆಯಲ್ಲಿ, ಶರಣರ ಮಾತು ನಮಗೂ ಗೊತ್ತಿದೆ.

ಯಾದಗಿರಿ ಮಾಸ್ತರ

ಗೊತ್ತಿದ್ದರೆ ಪಾಲಿಸಿ. ಅವ್ವನಿಗೆ ತಿಳಿಸಿ ಹೇಳಬಹುದು, ನಮ್ಮ ಅವ್ವ ಒಪ್ಪಿದಳು.

ರೊಟ್ಟಿ ಅಕ್ಕ

ಕಲ್ಲು, ಮಣ್ಣು, ಮುಹೂರ್ತ ಎಲ್ಲ ಆಯಿತು. ಅಡುಗೆಮನೆ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ದಿನಕ್ಕೆ ಐದು ತಾಸು ನಿಲ್ಲೋದು ಅಲ್ಲಿ ಅಲ್ವಾ?

ನಮ್ಮದು ಮಾಡ್ಯುಲರ್ ಕಿಚನ್, 1,85,000. ಕಟ್ಟೆ 34 ಇಂಚು. ಎಲ್ಲ ಮನೆಗೂ ಇದೇ ಅಳತೆ ಅಂದರು. ನನ್ನ ಎತ್ತರ ಐದಡಿ. ನಮ್ಮ ಮನೆಯಲ್ಲಿ ದಿನಾ ಇಪ್ಪತ್ತು ಜೋಳದ ರೊಟ್ಟಿ ಆಗಬೇಕು. ಆ ಎತ್ತರದಲ್ಲಿ ರೊಟ್ಟಿ ಬಡಿದರೆ ಭುಜ ಕಿವಿಗೆ ಬರುತ್ತದೆ. ತೋಳಿನ ಭಾರ ಹಿಟ್ಟಿನ ಮೇಲೆ ಬೀಳೋದಿಲ್ಲ, ರೊಟ್ಟಿ ಅಂಚು ಬಿರಿಯುತ್ತದೆ. ಆರು ತಿಂಗಳಿಗೆ ಭುಜ ಹಿಡಿಯಿತು. ಡಾಕ್ಟರ್, ಮಸಾಜ್ ಅಂತ 9,000 ಹೋಯಿತು.

ಸಿಂಕ್ ಕೆಳಗಿನ ಪ್ಲೈವುಡ್ ಕಥೆ ಬೇರೆ. ವಾಟರ್‌ಪ್ರೂಫ್ ಅಂತ ಹೇಳಿ ದುಡ್ಡು ತೆಗೆದುಕೊಂಡರು. ಒಂದೇ ವರ್ಷಕ್ಕೆ ಹಪ್ಪಳದ ಥರ ಪದರ ಎದ್ದವು. ಬಿಚ್ಚಿಸಿ ಹಾಳೆಯ ಮೇಲಿನ ಅಚ್ಚು ನೋಡಿದರೆ ಐಎಸ್ 303 (ಐಎಸ್ ಅಂದರೆ ಭಾರತೀಯ ಮಾನಕದ ಸಂಖ್ಯೆ). ಅದು ಸಾಮಾನ್ಯ ಬಳಕೆಗೆ. ನೀರು ಬೀಳೋ ಕಡೆಗೆ ಐಎಸ್ 710 ಬೇಕು. ಲ್ಯಾಮಿನೇಟ್ ಅಂಟಿಸಿದ ಮೇಲೆ ಅಚ್ಚು ಕಾಣೋದೇ ಇಲ್ಲ. ಅದಕ್ಕೇ ಹಾಳೆ ಕೊಯ್ಯೋ ದಿನ ಅಲ್ಲೇ ನಿಂತು ನೋಡಿ. ಬದಲಾಯಿಸಲು 22,500 ಕೊಟ್ಟೆ.

ಈಗ ಹಿತ್ತಿಲ ಕಡೆ ಒಂದು ಶಹಾಬಾದ್ ಕಲ್ಲಿನ ಕಟ್ಟೆ ಹಾಕಿಸಿಕೊಂಡಿದ್ದೇನೆ, 28 ಇಂಚು. ಪಕ್ಕದಲ್ಲೇ ಒಲೆ. 2,600 ರೂಪಾಯಿ. ಇಡೀ ಮನೆಯಲ್ಲಿ ನನಗೆ ಇಷ್ಟವಾದ ಜಾಗ ಅದೇ.

ಶಹಾಬಾದ್ ಅಳಿಯ

ನೋಡಿ, ಅಕ್ಕನಿಗೂ ಕೊನೆಗೆ ಒದಗಿದ್ದು ಶಹಾಬಾದ್ ಕಲ್ಲೇ.

ಹುಮ್ನಾಬಾದ್ ರಿಂಗ್ ರಸ್ತೆ

ಅಣ್ಣಾ, ಸಾಕು. ಎರೆಮಣ್ಣಿನವರ ಮನೆಯಲ್ಲಿ ಕುಸಿದದ್ದೂ ಅದೇ ಕಲ್ಲು.

ಶಹಾಬಾದ್ ಅಳಿಯ

ಕುಸಿದದ್ದು ಮಣ್ಣು! ಕಲ್ಲಲ್ಲ!

ವೈರ್‌ಮನ್ ಮಗ

ಮೀಟರ್ ಬಗ್ಗೆ ಯಾರೂ ಹೇಳಲಿಲ್ಲ, ನನ್ನ ತೊಂದರೆ ಅದೇ. ಮನೆ ಮುಗಿದರೂ ಐದು ತಿಂಗಳು ಕಟ್ಟಡಕ್ಕೆ ಅಂತ ತೆಗೆದುಕೊಂಡ ತಾತ್ಕಾಲಿಕ ಕರೆಂಟ್‌ನಲ್ಲೇ ಇದ್ದೆವು. ಅದರ ದರ ಜಾಸ್ತಿ, ಎರಡು ಫ್ಯಾನ್ ಒಂದು ಕೂಲರ್‌ಗೆ ತಿಂಗಳಿಗೆ 3,000 ದಾಟಿತು. ಓಸಿ (ನಕ್ಷೆಯಂತೆ ಕಟ್ಟಿದೆ, ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ಇಲ್ಲದೆ ಕರೆಂಟ್, ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ನಕ್ಷೆಯಲ್ಲಿ ಇಲ್ಲದ ಮೆಟ್ಟಿಲನ್ನು ಹೊರಗೆ ಕಟ್ಟಿಸಿದ್ದೆವು, ಕಾಗದ ಅಲ್ಲೇ ನಿಂತಿತು. ಮೆಟ್ಟಿಲು ಒಡೆಸಿ ಕಬ್ಬಿಣದ್ದು ಹಾಕಿಸಿದೆ, 64,000. ಬಣ್ಣದ ದುಡ್ಡು ಅದಕ್ಕೇ ಹೋಯಿತು, ಹೊರಗೋಡೆ ಇನ್ನೂ ಬರೀ ಪ್ರೈಮರ್‌ನಲ್ಲಿದೆ. ಅಪ್ಪ ವೈರ್‌ಮನ್ ಇದ್ದದ್ದರಿಂದ ಒಳಗಿನ ಕೆಲಸ ಮಾತ್ರ ಅಚ್ಚುಕಟ್ಟು. ಎಸಿಗೆ 4 ಚದರ ಮಿಲಿಮೀಟರ್ ವೈರ್, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯೋ 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಇನ್ವರ್ಟರ್‌ಗೆ ಬೇರೆ ಲೈನ್. ಬಣ್ಣ ಆದ ಮೇಲೆ ಗೋಡೆ ಕೊರೆಯೋ ಪಾಡು ನಿಮಗೆ ಬೇಡ.

ಸೇಡಂ ರಸ್ತೆ (ಕೇಳಿದವರು)

ಎಲ್ಲರಿಗೂ ಧನ್ಯವಾದ. ಎರೆಮಣ್ಣಿನ ಅಣ್ಣ ಹೇಳಿದ ಹಾಗೆ ಭಾನುವಾರ ಹಾಲ್ ಮೂಲೆ ಅಗೆದೆವು. ಮೇಲೆ ಅರ್ಧ ಅಡಿ ಮುರುಮ್ ಇದೆ. ಅದರ ಕೆಳಗೆ ಕರಿಮಣ್ಣು. ನೀರು ನಿಲ್ಲಿಸಿದ್ದೇವೆ, ಬೆಳಗಾಗೋದರೊಳಗೆ ಮಣ್ಣು ಒಂದೂವರೆ ಇಂಚು ಇಳಿಯಿತು. ಗುತ್ತಿಗೆದಾರರಿಗೆ ಫೋಟೋ ಕಳಿಸಿದ್ದೇನೆ. ನಾಳೆ ಬರ್ತೀನಿ ಅಂದಿದ್ದಾರೆ. 1,80,000 ಕೊಟ್ಟಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಕರಿಮಣ್ಣು ಪೂರ್ತಿ ತೆಗೆಸಬೇಕಾ, ಎಷ್ಟು ಆಳ ತೆಗೆದರೆ ಸಾಕು?

ಎರೆಮಣ್ಣಿನವನು

ನಾನು ಪೂರ್ತಿ ತೆಗೆಸಿದೆ ತಮ್ಮಾ. ನಾಳೆ ಅವರು ಬರೋ ಹೊತ್ತಿಗೆ ಮುರುಮ್ ಬಿಲ್ ಕೈಯಲ್ಲಿ ಇಟ್ಟುಕೊಂಡು ನಿಲ್ಲು. ನಾನು ಆಳಂದ ರಸ್ತೆಯಲ್ಲೇ ಇದ್ದೇನೆ. ಬೇಕಿದ್ದರೆ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ.

ಗುತ್ತಿಗೆ ಕೆಲಸ, 22 ವರ್ಷ

ನಾನೂ ಬರುತ್ತೇನೆ. ಟೇಪು, ಹಾರೆ ತರುತ್ತೇನೆ. ನಾಲ್ಕೂ ಮೂಲೆ ಅಗೆದು ನೋಡೋಣ. ಎಷ್ಟು ಮುರುಮ್ ಬಿದ್ದಿದೆ ಅಂತ ಅವರ ಮುಂದೆಯೇ ಅಳೆದು ಬರೆಯೋಣ.

ರೊಟ್ಟಿ ಅಕ್ಕ

ಅವ್ವನಿಗೆ ಇವತ್ತೇ ಹೇಳಪ್ಪಾ, ಹಿಂದಿನಿಂದ ಗೊತ್ತಾದರೆ ಜಾಸ್ತಿ ನೋವು. ಹಾಗೇ ಅವರ ಎತ್ತರ ಎಷ್ಟು ಕೇಳಿ ಬರಿ. ರೊಟ್ಟಿ ಕಟ್ಟೆ ಅಳತೆ ನಾನು ಹೇಳುತ್ತೇನೆ.