ವೀಡ್ ಕಟರ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿದೆ, ಐಡ್ಲಿಂಗಲ್ಲಿ (ಆಕ್ಸಿಲರೇಟರ್ ಬಿಟ್ಟಾಗ) ಆಫ್ ಆಗುತ್ತಿದೆ

ಚನ್ನಗಿರಿ ತೋಟದವ:
ಅಡಿಕೆ ತೋಟದ ಹುಲ್ಲು ಹೊಡೆಯೋಕೆ ಇಟ್ಟಿರುವ 2 ಸ್ಟ್ರೋಕ್ ಮೆಷಿನ್. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಡಗಡ ನಡುಗಿ ಆಫ್. ಪ್ಲಗ್ ಬಿಚ್ಚಿದರೆ ಕಪ್ಪಗೆ, ಒದ್ದೆ, ಬೆರಳಿಗೆಲ್ಲಾ ಜಿಡ್ಡು. ತಿಂಗಳಲ್ಲಿ ಮೂರು ಪ್ಲಗ್ ಹಾಕಿದೆ ಸ್ವಾಮಿ!

ಹೊಳಲ್ಕೆರೆ ರೈತ:
ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಅಂತ. ನಿಮ್ಮದು ಜಿಡ್ಡು ಅಲ್ವಾ, ಪೆಟ್ರೋಲಿಗೆ ಬೆರೆಸುವ ಆಯಿಲ್ ಮೇಲೇ ಅನುಮಾನ. ಅಳೆದು ಹಾಕುತ್ತೀರೋ, ಮುಚ್ಚಳದ ಲೆಕ್ಕವೋ? ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಪೆಟ್ರೋಲ್-ಆಯಿಲ್ ಲೆಕ್ಕ 50:1 ಇದ್ದರೆ ಲೀಟರಿಗೆ 20 ಮಿಲಿ ಆಯಿಲ್, 40:1 ಆದರೆ 25.

ಚನ್ನಗಿರಿ ತೋಟದವ:
ಮುಚ್ಚಳದ ಲೆಕ್ಕವೇ ಅಣ್ಣ, ಲೀಟರಿಗೆ ಮೂರು. ಈಗ ಮಗಳ ಔಷಧಿ ಸಿರಿಂಜಲ್ಲಿ ಅಳೆದೆ, ಮೂರೂ ಸೇರಿ 45 ಮಿಲಿ! ಪುಸ್ತಕದಲ್ಲಿ 50:1 ಇದೆ.

ದಾವಣಗೆರೆ ಮೆಕ್ಯಾನಿಕ್:
ಸಿಕ್ಕಿತಲ್ಲ ಕಳ್ಳ. ಮಿಕ್ಸ್ ಹೊಸದಾಗಿದ್ದರೆ ಸುಮ್ನೆ ಚೆಲ್ಲಬೇಡಿ, ಪ್ರತಿ ಲೀಟರಿಗೆ ಇನ್ನೂ 1.25 ಲೀಟರ್ ಬರೀ ಪೆಟ್ರೋಲ್ ಸೇರಿಸಿ, ಸರಿಹೋಗುತ್ತದೆ. ಏರ್ ಫಿಲ್ಟರ್ ಸ್ಪಂಜು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಚೋಕ್ ಅರ್ಧಕ್ಕೆ ಸಿಕ್ಕಿಕೊಂಡಿದೆಯಾ ನೋಡಿ. ಇಷ್ಟು ದಿನ ಆಯಿಲ್ ಉರಿದಿದೆ, ಸೈಲೆನ್ಸರ್ ಜಾಲರಿಯಲ್ಲೂ ಮಸಿ ಕಟ್ಟಿರುತ್ತದೆ. ಐಡಲ್ ಸ್ಕ್ರೂ ಕೊನೆಗೆ ಮುಟ್ಟಿ, ಕೈ ಬಿಟ್ಟಾಗ ಬ್ಲೇಡ್ ತಿರುಗಬಾರದು.