ಆಕ್ಸಿಡೆಂಟ್ ಅಮೆರಿಕಾದಲ್ಲಿ, ಮಷೀನ್ ಕಂಪನಿ ಇಟಲೀಲಿ: ಕೇಸ್ ಎಲ್ಲಿ ಹಾಕೋದು?

ಪ್ರಶ್ನೆ: ಮೇಡಂ ನಮಸ್ತೆ. ನಮ್ಮ ಭಾವ ನ್ಯೂಜೆರ್ಸಿಲಿ ಫ್ಯಾಕ್ಟರಿ ಕೆಲಸದಲ್ಲಿದಾರೆ, ಹೋದ ತಿಂಗಳು ತಗಡು ಕತ್ತರಿಸೋ ಮಷೀನಿಗೆ ಕೈ ಸಿಕ್ಕಿ ಎರಡು ಬೆರಳು ಹೋಯ್ತು. ಮಷೀನ್ ಇಟಲಿ ಕಂಪನಿದು, ಅಮೆರಿಕಾದಲ್ಲಿ ಅವರ ಆಫೀಸೇ ಇಲ್ವಂತೆ, ಬೇರೆ ಸ್ಟೇಟಿನ ಡೀಲರ್ ಹತ್ರ ತಗೊಂಡಿದ್ದು. ಆಗಿರೋದು ನ್ಯೂಜೆರ್ಸಿಲಿ ತಾನೆ, ಅಲ್ಲೇ ಕೇಸ್ ಹಾಕಬಹುದಲ್ವಾ?

ಉತ್ತರ: ಅಯ್ಯೋ, ಪಾಪ. ನೋಡಿ, ಏಟಾದ ಜಾಗ ಒಂದೇ ಸಾಲಲ್ಲ. 1945ರ ಇಂಟರ್‌ನ್ಯಾಷನಲ್ ಶೂ ಕೇಸಿನಿಂದ ಅಲ್ಲಿ ಕೋರ್ಟು ಮೊದಲು ಕೇಳೋದೇ ಈ ಕಂಪನಿಗೂ ಆ ಸ್ಟೇಟಿಗೂ ಏನು ನಂಟು ಅಂತ. ನಿಮ್ಮದೇ ಥರದ್ದು 2011ರ ಮ್ಯಾಕಿನ್‌ಟೈರ್ ಕೇಸು: ಇಂಗ್ಲೆಂಡ್ ಕಂಪನಿ, ಒಹಾಯೋ ಡೀಲರ್, ನ್ಯೂಜೆರ್ಸಿ ಕೆಲಸಗಾರನ ನಾಲ್ಕು ಬೆರಳು. ಕಂಪನಿಯವರು ಲಾಸ್ ವೇಗಾಸ್ ಎಕ್ಸಿಬಿಷನ್‌ಗೆಲ್ಲಾ ಬಂದಿದ್ರು ಆದ್ರೆ ನ್ಯೂಜೆರ್ಸಿ ಕಡೆ ತಲೆ ಹಾಕಿರಲಿಲ್ಲ, ಅಲ್ಲಿಗೆ ಹೋಗಿದ್ದ ಮಷೀನು ಹೆಚ್ಚಂದ್ರೆ ನಾಲ್ಕು. ಅಮೆರಿಕಾ ಸುಪ್ರೀಂ ಕೋರ್ಟ್ 6-3ರಲ್ಲಿ ಆಗಲ್ಲ ಅಂತು. ಇಡೀ ದೇಶಕ್ಕೆ ಮಾರ್ತಾರಂತೆ ಯಾವ ಸ್ಟೇಟಿಗೂ ಮಾರಲ್ವಂತೆ, ಇದೆಂಥ ಲೆಕ್ಕವೋ ನನಗಂತೂ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಆದ್ರೆ 2021ರ ಫೋರ್ಡ್ ಕೇಸಲ್ಲಿ ಸ್ವಲ್ಪ ಬಾಗಿಲು ತೆರೀತು. ಆ ಕಾರುಗಳು ಮೊದಲು ಮಾರಾಟ ಆಗಿದ್ದು ಬೇರೆ ಸ್ಟೇಟಲ್ಲಿ, ಆದ್ರೂ ಆಕ್ಸಿಡೆಂಟ್ ಆದ ಕಡೆ ಕಂಪನಿ ಅದೇ ಮಾಡೆಲ್‌ಗೆ ಜಾಹೀರಾತು, ಡೀಲರು, ಸರ್ವಿಸು ಎಲ್ಲಾ ಇಟ್ಕೊಂಡಿತ್ತಲ್ಲ, ಅಲ್ಲೇ ಕೇಸ್ ನಡೀಲಿ ಅಂದ್ರು. ಹಾಗಾಗಿ ಇಟಲಿಯವರು ನ್ಯೂಜೆರ್ಸಿಗೆ ಯಾರನ್ನಾದ್ರೂ ಕಳಿಸಿದ್ರಾ, ಸ್ಪೇರ್ ಪಾರ್ಟ್ ನೇರ ಕಳಿಸಿದ್ರಾ ವಿಚಾರಿಸಿ. ವರ್ಕರ್ಸ್ ಕಾಂಪೆನ್ಸೇಷನ್ ಬೇರೆ, ಅದು ಕೆಲಸ ಕೊಟ್ಟವರ ಕಡೆಯಿಂದ ಬರುತ್ತೆ. ಮಷೀನ್ ಕೇಸಿಗೆ ನ್ಯೂಜೆರ್ಸಿಲಿ ಸಾಮಾನ್ಯವಾಗಿ ಎರಡು ವರ್ಷದ ಗಡುವು, ಅಲ್ಲಿನ ವಕೀಲರನ್ನ ಈಗಲೇ ಹಿಡೀರಿ.

ಇನ್ನೊಬ್ಬರು: ಮೇಡಂ, ಮತ್ತೆ ನಮ್ಮ ಬೆಂಗಳೂರಿನ ಆಂಟ್ರಿಕ್ಸನ್ನ, ಅದೇ ಇಸ್ರೋದ ವ್ಯಾಪಾರ ಕಂಪನಿನ, ದೇವಾಸ್ ಅನ್ನೋ ಖಾಸಗಿ ಕಂಪನಿಯವರು ಅಮೆರಿಕಾ ಕೋರ್ಟಿಗೆ ಎಳೆದ್ರಲ್ಲ, ಅದು ಹೇಗೆ?

ಉತ್ತರ: ಆಂಟ್ರಿಕ್ಸ್ ಸರ್ಕಾರಿ ಕಂಪನಿ, ಅದಕ್ಕೆ ಬೇರೆ ಕಾಯ್ದೆ: ಹೊರದೇಶದ ಸರ್ಕಾರದ ಮೇಲೆ ಸಾಮಾನ್ಯವಾಗಿ ಕೇಸ್ ಹಾಕೋ ಹಾಗಿಲ್ಲ, ಕೆಲವು ವಿನಾಯಿತಿ ಬಿಟ್ಟು. ಅಂಥ ವಿನಾಯಿತಿ ಅನ್ವಯಿಸಿ ಸಮನ್ಸ್ ಸರಿಯಾಗಿ ತಲುಪಿದ್ರೆ ಸಾಕು, ನಂಟು ಬೇರೆ ತೋರಿಸಬೇಕಿಲ್ಲ ಅಂತ ಜೂನ್ 2025ರಲ್ಲಿ ಅಮೆರಿಕಾ ಸುಪ್ರೀಂ ಕೋರ್ಟ್ ಹೇಳ್ತು, ಸಂವಿಧಾನದ ಪ್ರಶ್ನೆ ಮುಟ್ಟದೆ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸ್ತು. ನಿಮ್ಮ ಇಟಲಿ ಕಂಪನಿ ಖಾಸಗಿ, ಅದಕ್ಕಿದು ಬರಲ್ಲ.

ಪ್ರಶ್ನೆ ಕೇಳಿದವರು: ಈಗಷ್ಟೇ ಭಾವಂಗೆ ಫೋನ್ ಮಾಡಿದ್ದೆ. ಬ್ಲೇಡ್ ಬದಲಾಯಿಸೋಕೆ ಇಟಲಿಯಿಂದಲೇ ಒಬ್ಬ ಎರಡು ಸಲ ಬಂದಿದ್ನಂತೆ, ಗೇಟ್ ರಿಜಿಸ್ಟರಲ್ಲಿ ಸೈನ್ ಇದೆಯಂತೆ.

ಉತ್ತರ: ಹಂಗೆ ಹೇಳಿ ಮತ್ತೆ! ಆ ಪುಟದ ಫೋಟೋ ಇವತ್ತೇ ತೆಗೆಸಿ, ಮಷೀನ್ ಮೇಲಿರೋ ನಂಬರ್ ಪ್ಲೇಟಿಂದೂ.