ಪದಚರ್ಚೆ: ಬೇಸ್‌ಬಾಲ್‌ನಲ್ಲಿ ‘ರನ್’ ಬದಲು ‘ಹಣ್ಣು’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮೈಸೂರಿನ ಕುವೆಂಪುನಗರದ ಕಡೆ ಭಾನುವಾರ ಬೆಳಿಗ್ಗೆ ಒಂದಷ್ಟು ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಕನ್ನಡ ಶಾಲೆಯ ಮಕ್ಕಳು. ಮಂಡ್ಯ, ಶ್ರೀರಂಗಪಟ್ಟಣದಿಂದ ರೈಲು ಹತ್ತಿ ಬರುವವರೂ ಇದ್ದಾರೆ. ಆಟದ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಪದಕೋಶ ಮಾಡುವ ಆಸೆ ನನಗಿಲ್ಲ. ಮೈದಾನದಲ್ಲಿ ಕೂಗಿ ಹೇಳುವಂಥ ಪದ ಬೇಕು, ಅಷ್ಟೆ. ‘ಕ್ಷೇತ್ರರಕ್ಷಕರೇ’ ಅಂತ ಕರೆಯುವಷ್ಟರಲ್ಲಿ ಚೆಂಡು ಮೋರಿ ಸೇರಿರುತ್ತೆ.

ಇಂಗ್ಲಿಷ್ ಪದ ಇರುವುದು ತೊಂದರೆಯಲ್ಲ. ಔಟ್, ಕ್ಯಾಚ್, ಬ್ಯಾಟ್, ಗ್ಲೌಸ್, ಹೆಲ್ಮೆಟ್ ಎಲ್ಲ ಮಕ್ಕಳ ಬಾಯಲ್ಲಿ ಕನ್ನಡವೇ ಆಗಿವೆ. ಅವನ್ನು ಮುಟ್ಟಲು ಹೋಗಬಾರದು. ತೊಂದರೆ ಇರುವುದು ಕ್ರಿಕೆಟ್ಟಿನಿಂದ. ಬೇಕಾದ ಪದಗಳಿಗೆಲ್ಲ ಅದು ಮೊದಲೇ ಬಂದು ಟವೆಲ್ ಹಾಕಿ ಕೂತಿದೆ. ‘ರನ್’ ಅಂದರೆ ಮಕ್ಕಳಿಗೆ ಆ ತುದಿಯಿಂದ ಈ ತುದಿಗೆ ಓಡುವುದು. ಹಾಗಾಗಿ ಹೊಡೆದು ಮೊದಲನೇ ಬೇಸ್, ಅಂದರೆ ಓಟದ ದಾರಿಯ ಮೊದಲನೇ ನಿಲ್ದಾಣ, ತಲುಪಿದ ಹುಡುಗ ‘ಒಂದು ರನ್ ಆಯ್ತು ಸಾರ್’ ಅನ್ನುತ್ತಾನೆ. ಆಗಿರುವುದಿಲ್ಲ. ನಾಲ್ಕು ಕಡೆ ಸುತ್ತಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಮಾತ್ರ ಒಂದು. ‘ಸ್ಟ್ರೈಕ್’ ಅಂದರೆ ಬ್ಯಾಟ್ ಮಾಡುವ ತುದಿ, ಇಲ್ಲಾಂದ್ರೆ ಕಾಲೇಜಿಗೆ ರಜಾ. ‘ಪಿಚ್’ ಅಂದರೆ ನೆಲ. ಇನ್ನು ಚೆಂಡು ಎಸೆಯುವವನು ‘ಪಿಚ್ಚರ್’ ಅಂತ ಹೇಳಿದಾಗ ‘ಯಾವ ಟಾಕೀಸು ಸಾರ್?’ ಅಂತ ಹಿಂದಿನ ಸಾಲಿನಿಂದ ಬಂತು. ಬೌಲರ್ ಅನ್ನೋಣ ಅಂದರೆ ಅದೂ ಆಗದು. ಕ್ರಿಕೆಟ್ಟಿನಲ್ಲಿ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ಬಿಚ್ಚಿಕೊಂಡರೆ ನೋಬಾಲ್. ಇಲ್ಲಿ ಮೊಣಕೈ ಮಡಿಸಿ ಎಸೆಯುವುದೇ ಕೆಲಸ. ಆದ್ದರಿಂದ ‘ಎಸೆಗಾರ’ ಅನ್ನುತ್ತಿದ್ದೇನೆ. ಇದು ಸಲೀಸಾಗಿ ನಡೆಯುತ್ತಿದೆ, ಇದರ ಮೇಲೆ ಚರ್ಚೆ ಬೇಡ.

ಈ ಯೋಚನೆ ನನಗೆ ಹತ್ತಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಕೆಲಸದ ಮೇಲೆ ಐಂಡ್‌ಹೋವನ್‌ನಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿನ ಒಂದು ಕ್ಲಬ್ಬಿನಲ್ಲಿ ಕೆಳಗಿನ ದರ್ಜೆಯ ತಂಡದಲ್ಲಿ ಆಡಿದೆ, ಆಮೇಲೆ ಚಿಕ್ಕ ಮಕ್ಕಳಿಗೆ ಕೋಚ್ ಆದೆ. ಅಲ್ಲಿ ಕ್ಲಬ್ ನಡೆಯುವುದೇ ಸದಸ್ಯರು ಪುಕ್ಕಟೆ ದುಡಿಯುವುದರಿಂದ. ಇವತ್ತು ಕೋಚ್, ನಾಳೆ ಕ್ಯಾಂಟೀನಿನಲ್ಲಿ ಕಾಫಿ ಕೊಡುವ ಸರದಿ. ಫುಟ್‌ಬಾಲ್ ದೇಶ ಅಂತಲೇ ನಮಗೆ ಗೊತ್ತಿರುವುದು. ಆದರೆ ಹಾರ್ಲೆಮ್ ಊರಿನಲ್ಲಿ 1961ರಿಂದ ಅಂತರರಾಷ್ಟ್ರೀಯ ಬೇಸ್‌ಬಾಲ್ ವಾರ ನಡೆಯುತ್ತಾ ಬಂದಿದೆ. 2011ರಲ್ಲಿ ಅವರ ತಂಡ ಫೈನಲ್‌ನಲ್ಲಿ ಕ್ಯೂಬಾವನ್ನು ಸೋಲಿಸಿ ವಿಶ್ವಕಪ್ಪನ್ನೇ ಗೆದ್ದಿತು.

ಅವರು ಈ ಆಟಕ್ಕೆ ‘ಹೊಂಕ್‌ಬಲ್’ ಅನ್ನುತ್ತಾರೆ. ‘ಹೊಂಕ್’ ಅಂದರೆ ಬೇಸ್. ಅದು ಈ ಆಟಕ್ಕಾಗಿ ಯಾರೋ ಕೂತು ಕಟ್ಟಿದ ಪದ ಅಲ್ಲ. ಮುಟ್ಟಾಟ ಆಡುವಾಗ ‘ಇಲ್ಲಿ ನಿಂತರೆ ಮುಟ್ಟೋ ಹಾಗಿಲ್ಲ’ ಅಂತ ಒಂದು ಮರವನ್ನೋ ಕಂಬವನ್ನೋ ಗೊತ್ತು ಮಾಡಿಕೊಳ್ಳುತ್ತೇವಲ್ಲ, ಡಚ್ ಮಕ್ಕಳು ಅದಕ್ಕೆ ಹೊಂಕ್ ಅನ್ನುತ್ತಾರೆ. ಐದು ವರ್ಷದ ಮಗುವಿಗೂ ನಿಯಮ ಬಿಡಿಸಿ ಹೇಳಬೇಕಾಗಿಲ್ಲ. ಹೊಂಕ್ ಮೇಲಿದ್ದರೆ ಬಚಾವು, ಬಿಟ್ಟರೆ ಸಿಕ್ಕಿಬಿದ್ದೆ. ಜಪಾನಿನವರದು ಬೇರೆ ದಾರಿ. ಆಟದ ಹೆಸರು ಅವರದೇ, ‘ಯಾಕ್ಯೂ’, ಅಂದರೆ ಬಯಲಿನ ಚೆಂಡು. ಒಳಗಿನ ಕೂಗಾಟ ಹೆಚ್ಚಾಗಿ ಇಂಗ್ಲಿಷಿನದು, ಜಪಾನೀ ನಾಲಿಗೆಗೆ ತಿರುಗಿಸಿಕೊಂಡದ್ದು. ನನಗೆ ಡಚ್ಚರ ದಾರಿ ಸರಿ ಕಾಣುತ್ತದೆ. ಹೆಸರು ಬೇಸ್‌ಬಾಲ್ ಅಂತಲೇ ಇರಲಿ, ಒಳಗಿನ ಮಾತು ಮಕ್ಕಳ ಆಟದಿಂದ ಬರಲಿ.

ಹಾಗೆ ಹುಡುಕಿದಾಗ ಚೌಕಾಬಾರ ಸಿಕ್ಕಿತು. ಅದನ್ನು ಅಜ್ಜಿಯ ಜೊತೆ ಆಡಿದ ಮಕ್ಕಳು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅಲ್ಲಿ ಬೇಕಾದ್ದೆಲ್ಲ ಇದೆ ನೋಡಿ. ಗೀಟು ಹಾಕಿದ ಮನೆಯಲ್ಲಿ ಕಾಯಿ ಕೂತರೆ ಹೊಡೆಯುವ ಹಾಗಿಲ್ಲ, ನಡುವಿನ ಮನೆಗಳಲ್ಲಿ ಸಿಕ್ಕರೆ ಹೊಡೆತ. ಸುತ್ತು ಮುಗಿಸಿ ಒಳಗೆ ಸೇರಿದ ಕಾಯಿ ‘ಹಣ್ಣು’. ಹೊರಸುತ್ತಿನಲ್ಲಿ ಕಾಯಿ ನಡೆಸುವ ದಿಕ್ಕು ಕೂಡ ಬೇಸ್‌ಬಾಲ್ ಓಟದ ದಿಕ್ಕೇ, ಬಲದಿಂದ ಶುರುವಾಗಿ ಎಡಕ್ಕೆ. ಹಾಗಾಗಿ ಬೇಸ್‌ಗೆ ‘ಮನೆ’, ಓಡುವವನು ‘ಕಾಯಿ’, ರನ್ ಅಂದರೆ ‘ಹಣ್ಣು’ ಅಂತ ಹೇಳಿ ನೋಡಿದೆ. ‘ಎಷ್ಟು ಹಣ್ಣಾಯ್ತು?’ ಅಂತ ಒಬ್ಬಳು ಕೇಳಿದ ಮೇಲೆ ರನ್ ಗಲಾಟೆಯೇ ನಿಂತುಹೋಯಿತು. ಮೂರು ಮನೆಯಲ್ಲೂ ಕಾಯಿ ಇದ್ದಾಗ ಹೋಂ ರನ್ (ಚೆಂಡು ಮೈದಾನದಾಚೆ ಹೋಗುವ ಹೊಡೆತ) ಹೊಡೆದರೆ ನಾಲ್ಕೂ ಕಾಯಿ ಒಟ್ಟಿಗೆ ಹಣ್ಣು. ಚೌಕಾಬಾರದಲ್ಲೂ ಒಬ್ಬೊಬ್ಬರಿಗೆ ನಾಲ್ಕೇ ಕಾಯಿ ಅಲ್ವಾ, ಮಕ್ಕಳು ಇದನ್ನು ತಾವೇ ಕಂಡುಹಿಡಿದು ಕುಣಿದಾಡಿದರು.

ನನ್ನ ಮೊದಲ ಪ್ರಶ್ನೆ ಇಲ್ಲಿದೆ. ಗೀಟಿನ ಮನೆಗೆ ನಮ್ಮ ಮನೆಯಲ್ಲಿ ‘ಕಟ್ಟೆ’ ಅನ್ನುತ್ತಿದ್ದೆವು. ಬೇಸ್‌ಗೆ ‘ಮನೆ’ ಬದಲು ‘ಕಟ್ಟೆ’ ಅಂದರೆ ಚೆನ್ನ ಅನ್ನಿಸುತ್ತಿದೆ. ಆಗ ‘ಮನೆ’ಯನ್ನು ಹೊರಟು ವಾಪಸ್ ಬರುವ ಜಾಗಕ್ಕೆ ಮಾತ್ರ ಉಳಿಸಿಕೊಳ್ಳಬಹುದು. ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆ ಅದಕ್ಕೆ ಏನನ್ನುತ್ತಾರೆ? ತಿಳಿದವರು ಹೇಳಿ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಓಡುವವನನ್ನು ಔಟ್ ಮಾಡಲು ಎರಡು ದಾರಿ ಇವೆ. ಚೆಂಡು ಹಿಡಿದ ಕೈಯಿಂದ ಅವನನ್ನೇ ಮುಟ್ಟಬೇಕು. ಇಲ್ಲವೇ ಚೆಂಡು ಕೈಯಲ್ಲಿಟ್ಟುಕೊಂಡು, ಅವನು ಬರುವ ಮೊದಲೇ ಕಟ್ಟೆಯ ಮೇಲೆ ಕಾಲಿಟ್ಟರೆ ಸಾಕು. ಎರಡನೆಯದು ಯಾವಾಗ ಸಾಲುತ್ತದೆ ಅಂದರೆ, ಹೊಡೆದವನು ಮೊದಲನೇ ಕಟ್ಟೆಗೆ ಓಡುವಾಗ, ಇಲ್ಲವೇ ಹಿಂದಿನಿಂದ ಇನ್ನೊಬ್ಬ ಬರುತ್ತಿದ್ದು ಇವನು ಜಾಗ ಖಾಲಿ ಮಾಡಲೇಬೇಕಾದಾಗ. ಒಂದು ಕಟ್ಟೆಯಲ್ಲಿ ಇಬ್ಬರು ಇರುವ ಹಾಗಿಲ್ಲ. ಮೊದಲನೇ ಕಟ್ಟೆಯಲ್ಲಿ ಒಬ್ಬ ಇದ್ದಾನೆ, ಬ್ಯಾಟ್ ಮಾಡಿದವನು ನೆಲಕ್ಕೆ ಹೊಡೆದು ಅಲ್ಲಿಗೇ ಓಡುತ್ತಿದ್ದಾನೆ, ಆಗ ಮೊದಲಿನವನಿಗೆ ಎರಡನೇ ಕಟ್ಟೆಗೆ ಹೋಗದೆ ವಿಧಿಯಿಲ್ಲ. ಮೊದಲನೇ ಕಟ್ಟೆ ಖಾಲಿ ಇದ್ದು ಎರಡನೆಯದರಲ್ಲಿ ಒಬ್ಬನೇ ಇದ್ದರೆ ಅವನಿಗೆ ಬಲವಂತ ಇಲ್ಲ. ಅವನು ಓಡಿದರೆ ಮುಟ್ಟಿಯೇ ಔಟ್ ಮಾಡಬೇಕು.

ಇಂಗ್ಲಿಷಿನಲ್ಲಿ ಟ್ಯಾಗ್, ಫೋರ್ಸ್ ಅಂದಾಗ ಮಕ್ಕಳಿಗೆ ಒಂದಿಷ್ಟೂ ತಲೆಗೆ ಹೋಗಲಿಲ್ಲ. ಒಂದು ದಿನ ಎರಡನೇ ಕಟ್ಟೆ ಕಾಯುತ್ತಿದ್ದ ಹುಡುಗಿ ಚೆಂಡು ಹಿಡಿದಳು, ಕಟ್ಟೆ ಅವಳಿಂದ ಒಂದೇ ಹೆಜ್ಜೆ. ಆದರೂ ಬರುತ್ತಿದ್ದವನ ಬೆನ್ನು ಮುಟ್ಟಲು ಅವನತ್ತ ಓಡಿದಳು. ಆಗ ಪಾಂಡವಪುರದ ಹುಡುಗನೊಬ್ಬ ಗಂಟಲು ಹರಿಯುವ ಹಾಗೆ ‘ಮೆಟ್ಟೇ! ಮುಟ್ಬೇಡ, ಮೆಟ್ಟೇ!’ ಅಂತ ಕೂಗಿದ. ಅವಳು ಅಲ್ಲೇ ತಿರುಗಿ ಕಾಲಿಟ್ಟಳು, ಔಟ್! ಅವತ್ತಿನಿಂದ ನಮ್ಮಲ್ಲಿ ‘ಮುಟ್ಟೌಟು’, ‘ಮೆಟ್ಟೌಟು’ ಚಾಲ್ತಿಗೆ ಬಂದಿವೆ. ಒಂದೇ ಅಕ್ಷರದಲ್ಲಿ ಕೈ ಯಾವುದು, ಕಾಲು ಯಾವುದು ಅಂತ ಗೊತ್ತಾಗುತ್ತದೆ.

ಆದರೆ ಮೈಸೂರಿನ ತಾಯಿಯೊಬ್ಬರು ‘ಮೆಟ್ಟು’ ಒರಟಾಯಿತು, ‘ತುಳಿ’ ಅನ್ನಬಹುದಲ್ಲ ಅಂದರು. ಅವರಿಗೆ ಮೆಟ್ಟು ಅಂದರೆ ಚಪ್ಪಲಿ, ಇಲ್ಲವೇ ದೆವ್ವ ಮೆಟ್ಟಿಕೊಳ್ಳುವುದು. ಮಂಡ್ಯದ ಮಕ್ಕಳಿಗೆ ಮುಳ್ಳು ಮೆಟ್ಟುವುದು, ಹಾವು ಮೆಟ್ಟುವುದು ದಿನದ ಮಾತು, ಅದರಲ್ಲಿ ಬೈಗುಳ ಏನೂ ಇಲ್ಲ. ‘ತುಳಿ’ ಅಂದರೆ ಮುಟ್ಟು–ಮೆಟ್ಟು ಜೋಡಿ ಕೆಡುತ್ತದೆ. ನನಗೆ ಮೆಟ್ಟು ಬಿಡಲು ಮನಸ್ಸಿಲ್ಲ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಉಳಿದವು ಬೇಗ ಮುಗಿಯುತ್ತವೆ. ಎಸೆದ ಚೆಂಡು ಬ್ಯಾಟಿಗೆ ಸಿಗುವ ಜಾಗದಲ್ಲಿ ಬರದಿದ್ದರೆ ಅಂಪೈರ್ ‘ಬಾಲ್’ ಅನ್ನುತ್ತಾನೆ. ಕೈಯಲ್ಲಿರುವುದೂ ಬಾಲ್, ಅವನು ಕೂಗುವುದೂ ಬಾಲ್! ಡಚ್ಚರು ಸುಮ್ನೆ ‘ಅಗಲ’ ಅನ್ನುವ ಅರ್ಥದ ಅವರ ಪದ ಹೇಳುತ್ತಾರೆ, ಅಂದರೆ ನಮ್ಮ ಕ್ರಿಕೆಟ್ಟಿನ ‘ವೈಡ್’. ಅದನ್ನೇ ಇಟ್ಟುಕೊಂಡೆ. ನಾಲ್ಕು ವೈಡ್ ಆದರೆ ಮೊದಲನೇ ಕಟ್ಟೆ ಬಿಟ್ಟಿ. ಸಿಗುವ ಜಾಗದಲ್ಲಿ ಬಂದ ಚೆಂಡನ್ನು ಬಿಟ್ಟರೆ, ಇಲ್ಲವೇ ಬೀಸಿ ತಪ್ಪಿದರೆ ಸ್ಟ್ರೈಕ್. ಅದಕ್ಕೆ ಅವರದು ‘ಹೊಡೆತ’. ಬ್ಯಾಟ್ ಎತ್ತದೆ ಸುಮ್ಮನೆ ನಿಂತವನಿಗೂ ‘ಹೊಡೆತ’ ಅಂದರೆ ಹೇಗೆ? ಅದನ್ನು ಬಿಟ್ಟು ‘ಒಂದು ಹೋಯ್ತು, ಎರಡು ಹೋಯ್ತು’ ಅನ್ನುತ್ತಿದ್ದೇವೆ. ಮೂರೂ ಹೋದರೆ ಔಟ್. ಮೆಲ್ಲಗೆ ಬ್ಯಾಟ್ ಅಡ್ಡ ಹಿಡಿಯುವ ಬಂಟ್‌ಗೆ ‘ತಟ್ಟು’. ಕ್ಯಾಚರ್‌ನನ್ನು ಮಕ್ಕಳೇ ‘ಕೀಪರ್’ ಮಾಡಿಬಿಟ್ಟಿದ್ದಾರೆ, ನಾನು ತಕರಾರು ಮಾಡಿಲ್ಲ. ಎರಡನೇ, ಮೂರನೇ ಕಟ್ಟೆಗಳ ನಡುವೆ ನಿಲ್ಲುವವನಿಗೆ ಶಾರ್ಟ್‌ಸ್ಟಾಪ್ ಅನ್ನುವುದು ಹಾಗೇ ಇದೆ.

ಎಸೆಗಾರ ಎಸೆಯುವಾಗಲೇ ಕಣ್ಣುತಪ್ಪಿಸಿ ಮುಂದಿನ ಕಟ್ಟೆಗೆ ಓಡುವುದಕ್ಕೆ ಮೊದಲು ‘ಕಳ್ಳೋಟ’ ಅಂದುಕೊಂಡಿದ್ದೆ. ಮಂಡ್ಯದ ಹುಡುಗರು ಬಿದ್ದು ಬಿದ್ದು ನಕ್ಕರು. ಅವರಿಗೆ ಕೇಳಿಸಿದ್ದು ಕಳ್ಳ ವೋಟು! ಈಗ ‘ಕದ್ದೋಟ’ ಅನ್ನುತ್ತಿದ್ದೇವೆ. ‘ಎರಡನೇ ಕಟ್ಟೆಗೆ ಕದ್ದೋಡಿದ’ ಅಂದರೆ ಸರಾಗವಾಗಿದೆ.

ಒಂದಕ್ಕೆ ಮಾತ್ರ ಏನೂ ಸಿಕ್ಕಿಲ್ಲ. ಓಡುವವನು ಎರಡು ಕಟ್ಟೆಗಳ ನಡುವೆ ಸಿಕ್ಕಿಹಾಕಿಕೊಂಡಾಗ, ಆ ಕಡೆ ಈ ಕಡೆಯವರು ಚೆಂಡು ಎಸೆದಾಡುತ್ತಾ ಅವನನ್ನು ಸತಾಯಿಸುತ್ತಾ ಹತ್ತಿರ ಬರುತ್ತಾರಲ್ಲ, ಅದಕ್ಕೆ. ‘ಅತ್ತ ದರಿ ಇತ್ತ ಪುಲಿ’ ಸರಿಯಾಗಿಯೇ ಇದೆ, ಆದರೆ ಕೂಗಲು ಉದ್ದ. ನಿಮ್ಮೂರಿನ ಕೇರಿಯಾಟಗಳಲ್ಲಿ ಹೀಗೆ ಇಬ್ಬರ ನಡುವೆ ಸಿಕ್ಕವನಿಗೆ ಏನಾದರೂ ಹೆಸರಿದೆಯೇ? ಎರಡೇ ಅಕ್ಷರದ್ದಾದರೆ ಇನ್ನೂ ಒಳ್ಳೆಯದು.